ಕರಡಿ ಕುಣಿಸುವವರ ಕಾಲ

ಮಹಾರಾಷ್ಟ್ರದ ಚಿಕಲಠಾಣಾದ ಬಯಲಿನಿಂದ ಬಳ್ಳಾರಿಯ ಬಂಡೆಗುಡ್ಡಗಳವರೆಗೆ ಹಬ್ಬಿದ ದಖ್ಖಣದಲ್ಲಿ, ಡಮರುಗ ಬಾರಿಸುತ್ತ ಕರಡಿಯನ್ನು ಕುಣಿಸಿ ಹೊಟ್ಟೆ ಹೊರೆಯುವುದು ಖಲಂದರ ಸಮುದಾಯದವರ ಕುಲವೃತ್ತಿಯಾಗಿದ್ದಿತು. ಮಕ್ಕಳ ಭಯ ನೀಗಲೆಂದು ತಾಯಂದಿರು ಕರಡಿಯ ಕೂದಲನ್ನು ತಾಯಿತಕ್ಕೆ ಬೇಡುತ್ತಿದ್ದರು. ಹೊಳ್ಳೆಗಳನ್ನು ಮುಚ್ಚಿಕೊಂಡು, ಮೇಲ್ದವಡೆಯಲ್ಲಿ ಎರಡು ಬಾಚಿಹಲ್ಲುಗಳಿಲ್ಲದ ತೆರವಿನಿಂದ ಹುತ್ತದ ಗೆದ್ದಲನ್ನು ಹೀರಲೆಂದೇ ನಿಸರ್ಗವು ರೂಪಿಸಿದ ಆ ಮೂತಿಯನ್ನು ಚುಚ್ಚಿ ಮಾನವನು ಹಗ್ಗ ಪೋಣಿಸಿದ್ದನು. ನೋಟಕರಿಗೆ ನೃತ್ಯವೆನಿಸಿದುದು ಮೂಕಜೀವಕ್ಕೆ ವೇದನೆಯ ಚಡಪಡಿಕೆಯಾಗಿತ್ತು. ಈ ಕರಡಿಯ ನೀಳವಾದ ಉಗುರುಗಳನ್ನು ಕಂಡ ಆಂಗ್ಲ ವಿದ್ವಾಂಸ ಜಾರ್ಜ್ ಷಾ 1791ರಲ್ಲಿ ಇದನ್ನು ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಕುಲಕ್ಕೆ ಸೇರಿಸಿ ಪ್ರಮಾದಗೈದಿದ್ದನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೂ ಡಮರುಗದ ಸದ್ದು ಒಮ್ಮೆಲೇ ಅಡಗಲಿಲ್ಲ. 1994ರಲ್ಲಿ ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮವಾಯಿತು. ಕುಣಿಯುವ ಕರಡಿಗಳಲ್ಲಿ ಕೊನೆಯದೆಂದು ಎಣಿಸಲಾದುದು 2009ರಲ್ಲಿ ಬನ್ನೇರುಘಟ್ಟದಲ್ಲಿ ಹಗ್ಗ ಕಳಚಿಕೊಂಡಿತು.