ಪಿಯಾನೋ ಕೀಗಳ ಕೆಳಗೆ 913 ಚಿನ್ನದ ನಾಣ್ಯ

ನಮ್ಮ ಕರಾವಳಿ ಕಡೆ ಎಂಟು ಗ್ರಾಂ ಚಿನ್ನಕ್ಕೆ ಇವತ್ತಿಗೂ ಒಂದು ಪವನು ಅಂತಾರೆ. ಈ ಲೆಕ್ಕ ಬಂದದ್ದು ಬ್ರಿಟಿಷರ ಸವರನ್ ನಾಣ್ಯದಿಂದ. ತೂಕ 7.98 ಗ್ರಾಂ, 22 ಕ್ಯಾರೆಟ್. ಅಂಥ 633 ಸವರನ್, 280 ಅರ್ಧ ಸವರನ್ ಒಂದು ಹಳೇ ಪಿಯಾನೋದೊಳಗೆ ಸಿಕ್ಕಿದ್ದವು. ಆರು ಕಿಲೋಗೂ ಮೇಲೆ ಸ್ವಾಮೀ!

2016ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಬಿಷಪ್ಸ್ ಕ್ಯಾಸಲ್ ಎಂಬ ಊರಿನ ಶಾಲೆಗೆ ದಂಪತಿಯೊಬ್ಬರು ತಮ್ಮ ಬ್ರಾಡ್‌ವುಡ್ ಅಪ್‌ರೈಟ್ ಪಿಯಾನೋ ದಾನ ಕೊಟ್ಟರು. 1983ರಿಂದ ಅದು ಅವರ ಮನೆಯಲ್ಲಿತ್ತು. ಶ್ರುತಿ ಮಾಡಲು ಬಂದವರಿಗೆ ಕೆಲವು ಕೀಗಳು ಬಿಗಿಯಾಗಿ ಕಂಡವು.

ಅಪ್‌ರೈಟ್ ಬಿಚ್ಚುವುದಕ್ಕೊಂದು ಕ್ರಮ ಇದೆ. ಮೇಲಿನ ಮುಚ್ಚಳ ಎತ್ತಿ ಒಳಗಿನ ಎರಡು ಚಿಲಕ ತಿರುಗಿಸಿದರೆ ಎದುರಿನ ಹಲಗೆ ಕೈಗೆ ಬರುತ್ತದೆ. ತಂತಿ, ಸುತ್ತಿಗೆ, ಶ್ರುತಿಯ ಗೂಟ ಎಲ್ಲ ಕಾಣುತ್ತವೆ. ಬರೀ ಶ್ರುತಿಗೆ ಅಷ್ಟೇ ಸಾಕು. ಕೀಗಳನ್ನು ತೆಗೆಯಬೇಕಾದರೆ ಅವುಗಳ ಮುಚ್ಚಳವನ್ನೂ ಮುಂದಿನ ಪಟ್ಟಿಯನ್ನೂ ಬಿಚ್ಚಿ, ಒಂದೊಂದೇ ಕೀಯನ್ನು ಅದರ ಮೊಳೆಯಿಂದ ನೇರವಾಗಿ ಮೇಲಕ್ಕೆತ್ತಬೇಕು. ಅದಲುಬದಲಾಗದಿರಲಿ ಅಂತ ಕೀಗಳ ಮೇಲೆ ನಂಬರ್ ಒತ್ತಿರುತ್ತಾರೆ. ಇಷ್ಟೆಲ್ಲ ಯಾರು ಮಾಡ್ತಾರೆ? ಬಚ್ಚಿಟ್ಟವರು ಜಾಗ ಬಲ್ಲವರೇ ಇರಬೇಕು. ಕೆಳಗೆ ಸಾಮಾನ್ಯವಾಗಿ ಸಿಗುವುದು ಧೂಳು, ನುಸಿ ತಿಂದ ಬಟ್ಟೆ, ಬಿದ್ದ ಪೆನ್ಸಿಲ್. ಇಲ್ಲಿ ಸಿಕ್ಕಿದ್ದು ಬಟ್ಟೆಯ ಏಳು ಗಂಟು, ಒಂದು ಚರ್ಮದ ಚೀಲ.

ನಾಣ್ಯಗಳ ಮೇಲಿನ ಇಸವಿ 1847ರಿಂದ 1915. ಆದರೆ ಜೊತೆಗಿದ್ದ ರಟ್ಟಿನ ತುಂಡು ಶ್ರೆಡೆಡ್ ವೀಟ್ ಎಂಬ ತಿಂಡಿಯ ಜಾಹೀರಾತು, 1926ರಿಂದ 1946ರ ನಡುವಿನದು. ಅಂದರೆ ಬಚ್ಚಿಟ್ಟದ್ದು 1926ಕ್ಕೆ ಮುಂಚೆ ಅಲ್ಲ. 1931ರಲ್ಲಿ ಬ್ರಿಟನ್ ಚಿನ್ನದ ಮಾನದಂಡ ಬಿಟ್ಟಿತು, 1939ರಲ್ಲಿ ಯುದ್ಧ ಬಂತು. ಬ್ಯಾಂಕನ್ನು ನಂಬದ ಯಾರೋ ಒಬ್ಬರು ಅಂತ ನನ್ನ ಊಹೆ. ನಾವು ಬ್ಯಾಂಕಿನವರಿಗೆ ಬೇಜಾರಿನ ವಿಷಯವೇ ಬಿಡಿ.

ಪಿಯಾನೋ 1906ರಲ್ಲಿ ಎಸೆಕ್ಸ್‌ನ ಸಾಫ್ರನ್ ವಾಲ್ಡನ್ ಊರಿನ ಸಂಗೀತ ಶಿಕ್ಷಕರಿಗೆ ಮಾರಾಟವಾಗಿತ್ತು. ಅಲ್ಲಿಂದ 1983ರವರೆಗೆ ಅದು ಯಾರ ಮನೆಯಲ್ಲಿತ್ತು ಅನ್ನುವುದು ಪತ್ತೆಯಾಗಲಿಲ್ಲ. ಹಲವರು ನಮ್ಮದು ಅಂತ ಬಂದರು, ಯಾರ ಬಳಿಯೂ ಪುರಾವೆ ಇರಲಿಲ್ಲ. ನಮ್ಮಲ್ಲಿ ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರ ಕಾಗದ ತಂದರೆ ವಾಪಸ್ ಸಿಗುತ್ತದೆ. ಪಿಯಾನೋಗೆ ನಾಮಿನಿ ಎಲ್ಲಿಂದ ಬರಬೇಕು?

ಇಂಗ್ಲೆಂಡಿನಲ್ಲಿ ನಿಧಿ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ 300 ವರ್ಷ ಹಳೆಯದಾಗಿರಬೇಕು. ಆದರೆ ಮತ್ತೆ ತೆಗೆದುಕೊಳ್ಳುವ ಉದ್ದೇಶದಿಂದ ಬಚ್ಚಿಟ್ಟ ಚಿನ್ನಕ್ಕೆ ಮಾಲೀಕ ಗೊತ್ತಿಲ್ಲದಿದ್ದರೆ ಹೊಸದಾದರೂ ನಿಧಿಯೇ. 2017ರ ಏಪ್ರಿಲ್‌ನಲ್ಲಿ ಕೊರೋನರ್ ಹಾಗೇ ತೀರ್ಪು ಕೊಟ್ಟರು. ಬಹುಮಾನದ ಹಕ್ಕು ಶ್ರುತಿಗಾರರಿಗೆ ಮತ್ತು ಶಾಲೆಗೆ. 33 ವರ್ಷ ಮನೆಯಲ್ಲಿಟ್ಟುಕೊಂಡು ದಾನ ಕೊಟ್ಟ ದಂಪತಿಗೆ ಕಾನೂನಿನ ಪ್ರಕಾರ ಏನೂ ಇಲ್ಲ.