ಕೆಜಿಎಫ್: ಸಿನಿಮಾದಲ್ಲಿ ಬಾರದ ನಮ್ಮವರು

ನಮ್ಮ ಸಾಗರ, ಹೊಸನಗರದ ಕಡೆ ಹುಡುಗರ ಹತ್ರ ಕೆಜಿಎಫ್ ಅಂದ್ರೆ ಸಾಕು, ಡೈಲಾಗ್ ಹೊಡೀತಾರೆ. ಹೊಡೀಲಿ, ಬೇಜಾರಿಲ್ಲ. ಆದರೆ ಆ ಊರಿನ ನಿಜವಾದ ಚರಿತ್ರೆ ನಮ್ಮದು ಅಂತ ಅವರಿಗೆ ಯಾರೂ ಹೇಳಿಲ್ಲ. ಅದಕ್ಕೇ ಇದನ್ನು ಬರೀತಿದ್ದೀನಿ, ಸ್ವಲ್ಪ ಉದ್ದ ಆದ್ರೂ ಓದಿ.

ಕೋಲಾರದ ಚಿನ್ನವನ್ನು ಬ್ರಿಟಿಷರು ಕಂಡುಹಿಡಿದರು ಅನ್ನೋದು ನಾವು ಕೇಳುತ್ತಾ ಬಂದ ಮಾತು. 1802ರಲ್ಲಿ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ ಅಲ್ಲಿಗೆ ಹೋದಾಗ ಉರಿಗಾಂ, ಮಾರಿಕುಪ್ಪಂ ಸುತ್ತಿನ ಜನ ಆಗಲೇ ಮಣ್ಣು ತೊಳೆದು, ಕಲ್ಲು ಕುಟ್ಟಿ ಚಿನ್ನ ತೆಗೀತಿದ್ರು. ಅವನು ಕಂಡದ್ದು ಅವರ ಕೆಲಸವನ್ನು. ಆಮೇಲೆ ಲವೆಲ್ ಅನ್ನೋ ಐರಿಶ್ ಸೈನಿಕ ಪರವಾನಗಿ ಪಡೆದ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು.

ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಒಂದು ಕಾಲಕ್ಕೆ ಮೂವತ್ತು ಸಾವಿರದ ಆಸುಪಾಸು ಜನ ಅಲ್ಲಿ ದುಡೀತಿದ್ರು. ಸಾಯುವ ಕೆಲಸ ಅಂತ ಗೊತ್ತಿದ್ದೂ ಯಾಕೆ ಬಂದರು? ತೀರ್ಥಹಳ್ಳಿ ಕಡೆ ಒಡೆಯರ ಅಡಿಕೆ ತೋಟದಲ್ಲಿ ಜೀತ ಮಾಡಿದ ಮನೆಗಳಲ್ಲಿ ಕೇಳಿ, ಉತ್ತರ ಸಿಗುತ್ತೆ. ಅಲ್ಲಿ ಕೂಲಿ ದುಡ್ಡಿನಲ್ಲಿ ಬರ್ತಿತ್ತು, ಭತ್ತದಲ್ಲಿ ಅಲ್ಲ. ಮೇಸ್ತ್ರಿಯ ಮುಂಗಡ ಸಾಲ ಕುತ್ತಿಗೆ ಮೇಲೆ ಇತ್ತು ನಿಜ, ಆದರೆ ಊರ ಹೊರಗಿನ ಕೇರಿ ಅನ್ನೋದು ಅಲ್ಲಿರಲಿಲ್ಲ. ಕಾರ್ಮಿಕರ ಲೈನ್‌ಗಳೇ ಊರು. ದೂರದಲ್ಲಿ ದೊರೆಗಳ ಬಂಗಲೆ, ಕ್ಲಬ್ಬು.

ಈ ಲೈನ್‌ಗಳಲ್ಲಿ ನಡೆದದ್ದು ನನಗೆ ಚಿನ್ನಕ್ಕಿಂತ ದೊಡ್ಡದು. ಬಾಬಾಸಾಹೇಬರು 1956ರಲ್ಲಿ ಬೌದ್ಧ ಧಮ್ಮ ಸ್ವೀಕರಿಸುವುದಕ್ಕೆ ಎಷ್ಟೋ ದಶಕ ಮುಂಚೆ ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಬುದ್ಧನ ಹೆಸರಿನಲ್ಲಿ ಸಭೆ, ಮದುವೆ ನಡೀತಿದ್ವು. ಅಯೋತಿದಾಸರು 1907ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆಯನ್ನು ಅವರು ತೀರಿಕೊಂಡ ಮೇಲೆ, 1926ರಿಂದ, ಜಿ. ಅಪ್ಪಾದುರೈಯಾರ್ ಕೆಜಿಎಫ್‌ನಿಂದಲೇ ಹೊರಡಿಸಿದರು. ಹಗಲೆಲ್ಲ ಕಲ್ಲು ಒಡೆದವರ ಊರಿನಲ್ಲಿ ಸ್ವಂತ ಪತ್ರಿಕೆ! ಆ ಕಾಲಕ್ಕೆ ನಮ್ಮ ಮಲೆನಾಡಿನ ಕೇರಿಗಳಲ್ಲಿ ಅಕ್ಷರ ಬಲ್ಲವರು ಎಷ್ಟು ಜನ ಇದ್ದಿರಬಹುದು, ನೀವೇ ಯೋಚಿಸಿ. ಮುಂದೆ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ, ಎಸ್. ರಾಜೇಂದ್ರನ್ ಅಲ್ಲಿಂದ ವಿಧಾನಸಭೆಗೆ ಹೋದದ್ದು ಸುಮ್ಮನೆ ಅಲ್ಲ. 1930ರಲ್ಲಿ, ಕಳ್ಳರ ಹಾಗೆ ಬೆರಳಚ್ಚು ಕೊಡಲ್ಲ ಅಂತ ಕಾರ್ಮಿಕರು ಮೂರು ವಾರ ಗಣಿ ನಿಲ್ಲಿಸಿದ್ದೂ ಅದೇ ಲೈನ್‌ಗಳಿಂದ.

ಇದಕ್ಕೆ ಕೊಟ್ಟ ಬೆಲೆ ಶ್ವಾಸಕೋಶ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ, ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಬಂಡೆ ಸಿಡಿದು ಸತ್ತವರ ಸಾವು ಲೆಕ್ಕಕ್ಕೆ ಬಂತು, ಕಲ್ಲಿನ ದೂಳು ಕುಡಿದು ಮನೆಯಲ್ಲಿ ಕೆಮ್ಮಿ ಸತ್ತವರದು ಎಲ್ಲಿ ಬಂತು? 1940ರ ದಶಕದಲ್ಲಿ ಏಳೂವರೆ ಸಾವಿರ ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು.

ಇನ್ನೊಂದು ಮಾತು, ಇದು ನಮ್ಮ ಶರಾವತಿ ಮುಳುಗಡೆಯವರಿಗೆ ಬೇಗ ಅರ್ಥ ಆಗುತ್ತೆ. 1902ರಲ್ಲಿ ಶಿವನಸಮುದ್ರದ ಕರೆಂಟು 147 ಕಿಲೋಮೀಟರ್ ತಂತಿ ಹಿಡಿದು ನೇರ ಗಣಿಗೆ ಹೋಯ್ತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಕರೆಂಟು ಮೊದಲು ಯಾರಿಗೆ ಅನ್ನೋದು ಆವತ್ತೇ ತೀರ್ಮಾನ ಆಗಿತ್ತು.

ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದು, 2001ರ ಫೆಬ್ರವರಿ ಕೊನೆಗೆ ಸರ್ಕಾರಿ ಬಿಜಿಎಂಎಲ್ ಬಾಗಿಲು ಹಾಕ್ತು. ಈಗ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗ್ತಾರೆ. ಮಲ ಹೊರುವ ಪದ್ಧತಿ 1993ರಲ್ಲೇ ಕಾನೂನಿನಲ್ಲಿ ನಿಷೇಧ ಆಗಿದ್ದರೂ ಆ ಊರಿನಲ್ಲಿ ಒಣ ಪಾಯಿಖಾನೆಗಳು ಇನ್ನೂ ಇವೆ ಅಂತ 2011ರಲ್ಲಿ ಸುದ್ದಿಯಾಯ್ತು. ಚಿನ್ನ ಕೊಟ್ಟ ಊರಿಗೆ ಕಕ್ಕಸು ಕಟ್ಟಿಸೋಕೆ ದುಡ್ಡಿರಲಿಲ್ವಾ?

ಉಳಿದದ್ದು ಸೈನೈಡ್ ಗುಡ್ಡಗಳು, 3.3 ಕೋಟಿ ಟನ್ ಗಣಿ ಮಣ್ಣು. ಗಾಳಿ ಬಂದರೆ ಅದರ ದೂಳು ಲೈನ್ ಮನೆಗಳಿಗೇ. ಅದರಲ್ಲೂ ಚಿನ್ನ ಇದೆಯಂತೆ. 13 ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಹರಾಜಿನ ದುಡ್ಡಿನಲ್ಲಿ ಸಿಲಿಕೋಸಿಸ್‌ನಿಂದ ಸತ್ತವರ ಮನೆಗಳಿಗೆ ಪಾಲೆಷ್ಟು? ಇದನ್ನು ಕೋಲಾರದವರೇ ಕೇಳಲಿ ಅಂತ ನಾವು ಮಲೆನಾಡಿನವರು ಸುಮ್ಮನೆ ಕೂರೋದು ಬೇಡ.

ಕೆಜಿಎಫ್‌ನ ಗೆಳೆಯರು ಇದನ್ನು ಓದ್ತಿದ್ದರೆ, ಅಪ್ಪಾದುರೈಯಾರ್ ಪತ್ರಿಕೆಯ ಹಳೇ ಸಂಚಿಕೆ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ದಯವಿಟ್ಟು ತಿಳಿಸಿ. ತಮಿಳು ಓದಿ ಹೇಳುವವರು ನಮ್ಮಲ್ಲಿದ್ದಾರೆ.

ಜೈಭೀಮ್.