ಐಪಿ ಅಡ್ರೆಸ್ ಬದಲಾಯಿಸೋದು ಹೇಗೆ? ಬದಲಾದರೆ ಏನಾಗುತ್ತೆ, ಏನಾಗಲ್ಲ?

‘ರೂಟರ್ ಆಫ್ ಮಾಡಿ ಆನ್ ಮಾಡಿದ್ರೆ ಐಪಿ ಬದಲಾಗುತ್ತಂತೆ, ಆಮೇಲೆ ನಾವು ಯಾರು ಅಂತ ಗೊತ್ತಾಗಲ್ವಂತೆ, ಹೌದಾ?’ ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮೊದಲರ್ಧ ಎಷ್ಟೋ ಸಲ ನಿಜ. ಎರಡನೆಯ ಅರ್ಧ ನಂಬಿಕೊಂಡರೆ ಅಪಾಯ.

ವಿಳಾಸ ಒಂದಲ್ಲ, ಎರಡು

ನಿಮ್ಮ ಕಂಪ್ಯೂಟರ್‌ಗೆ ರೂಟರ್ ಕೊಡುವುದು ಮನೆಯೊಳಗಿನ ವಿಳಾಸ. ಸಾಮಾನ್ಯವಾಗಿ 192.168 ಅಥವಾ 10ರಿಂದ ಶುರುವಾಗುತ್ತದೆ. ಪಕ್ಕದ ಮನೆಯಲ್ಲೂ ಅದೇ ಸಂಖ್ಯೆ ಇರಬಹುದು. ವೆಬ್‌ಸೈಟುಗಳಿಗೆ ಕಾಣುವುದು ಇಂಟರ್ನೆಟ್ ಕಂಪನಿ ಕೊಟ್ಟ ಹೊರಗಿನ ವಿಳಾಸ.

ಒಳಗಿನದನ್ನು ಬದಲಾಯಿಸಲು

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ನಿಮ್ಮ ವೈಫೈನ ಪ್ರಾಪರ್ಟೀಸ್‌ಗೆ ಹೋಗಿ. ‘ಐಪಿ ಅಸೈನ್‌ಮೆಂಟ್’ ಪಕ್ಕದ ಎಡಿಟ್ ಒತ್ತಿ, ಮ್ಯಾನ್ಯುಯಲ್ ಆಯ್ದು, ಐಪಿವಿ4 ಆನ್ ಮಾಡಿ. ರೂಟರ್ ವಿಳಾಸ 192.168.1.1 ಆಗಿದ್ದರೆ ನಿಮ್ಮದು 192.168.1.50 ಇರಲಿ, ಬೇರೆ ಸಾಧನ ಅದನ್ನು ಬಳಸುತ್ತಿರಬಾರದು ಅಷ್ಟೇ. ಸಬ್‌ನೆಟ್ ಮಾಸ್ಕ್ ಸಾಮಾನ್ಯವಾಗಿ 255.255.255.0, ಗೇಟ್‌ವೇ ಜಾಗದಲ್ಲಿ ರೂಟರ್ ವಿಳಾಸ. ಡಿಎನ್‌ಎಸ್‌ಗೂ ಅದನ್ನೇ ಹಾಕಬಹುದು. ಎಡವಟ್ಟಾದರೆ ಮತ್ತೆ ‘ಆಟೋಮ್ಯಾಟಿಕ್’ಗೆ ಮರಳಿ. ಪ್ರಿಂಟರ್ ಸಿಗದಿದ್ದಾಗ, ಎರಡು ಸಾಧನಗಳಿಗೆ ಒಂದೇ ವಿಳಾಸ ಬಂದಾಗ ಇದು ಉಪಯೋಗ. ಹೊರಗಿನವರಿಗೆ ಮಾತ್ರ ಏನೂ ಬದಲಾದಂತೆ ಕಾಣಲ್ಲ.

ಹೊರಗಿನದನ್ನು ಬದಲಾಯಿಸಲು

ರೂಟರನ್ನು ಸ್ವಲ್ಪ ಹೊತ್ತು ಆರಿಸಿಟ್ಟು ಹಚ್ಚಿ. ಕಂಪನಿ ವಿಳಾಸವನ್ನು ತಾತ್ಕಾಲಿಕವಾಗಿ ಕೊಡುತ್ತಿದ್ದರೆ ಹೊಸದು ಸಿಗಬಹುದು, ಹಳೆಯದೇ ಮರಳಿ ಬರಲೂಬಹುದು. ದುಡ್ಡು ಕೊಟ್ಟು ಪಡೆದ ಸ್ಟ್ಯಾಟಿಕ್ ಐಪಿಯಾದರೆ ಕಂಪನಿಯನ್ನೇ ಕೇಳಬೇಕು.

ಇನ್ನೊಂದು ತೊಡಕಿದೆ. ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಎಷ್ಟೋ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ರೂಟರ್ ಪುಟದಲ್ಲಿ ವ್ಯಾನ್ ವಿಳಾಸ 100.64ರಿಂದ 100.127ರ ಒಳಗಿದ್ದರೆ ನೀವೂ ಆ ಸಾಲಿನಲ್ಲಿದ್ದೀರಿ.

ವಿಪಿಎನ್ ಹಾಕಿದರೆ?

ವೆಬ್‌ಸೈಟಿಗೆ ವಿಪಿಎನ್‌ನ ವಿಳಾಸ ಕಾಣುತ್ತದೆ. ಆದರೆ ಇಂಟರ್ನೆಟ್ ಕಂಪನಿಯ ಮೇಲಿದ್ದ ನಂಬಿಕೆಯನ್ನು ನೀವು ವಿಪಿಎನ್ ಕಂಪನಿಗೆ ವರ್ಗಾಯಿಸಿದ್ದೀರಿ, ಅಷ್ಟೇ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಇವನ್ನು 5 ವರ್ಷ ಇಟ್ಟುಕೊಳ್ಳಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಆ ವರ್ಷವೇ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು.

ಇಂಟರ್ನೆಟ್ ಕಂಪನಿಗಳ ದಾಖಲೆಯ ಕಥೆಯೂ ಇದೇ. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ತಿದ್ದಿ, ದಾಖಲೆ ಇಡುವ ಅವಧಿಯನ್ನು ಕನಿಷ್ಠ 2 ವರ್ಷಕ್ಕೆ ಏರಿಸಿತು. ನಿನ್ನೆ ನಿಮಗೆ ಯಾವ ಐಪಿ ಇತ್ತು ಎನ್ನುವುದು ರೂಟರ್ ಆರಿಸಿದರೆ ಅಳಿಸಿಹೋಗಲ್ಲ. ಮೇಲಾಗಿ, ನಿಮ್ಮದೇ ಫೋನ್ ನಂಬರಿನ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಐಪಿ ಮುಚ್ಚಿಟ್ಟು ಏನು ಬಂತು?

ಐಪಿ ಎಂದರೆ ಮನುಷ್ಯನಲ್ಲ

ಇದರ ಇನ್ನೊಂದು ಮುಖ ಹೆಚ್ಚು ಗಂಭೀರ. 2007ರಲ್ಲಿ ಆರ್ಕುಟ್‌ನಲ್ಲಿ ಶಿವಾಜಿಗೆ ಅವಮಾನ ಮಾಡಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಐಟಿ ಉದ್ಯೋಗಿಯನ್ನು ಬಂಧಿಸಿದರು. ಆಧಾರ ಐಪಿ ವಿವರ, ಅದೂ ತಪ್ಪು ವಿವರ. ಆ ವ್ಯಕ್ತಿ ಸುಮಾರು 50 ದಿನ ಜೈಲಿನಲ್ಲಿದ್ದರು.

ಒಂದೇ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವ ಇವತ್ತು, ಕರಾರುವಾಕ್ಕಾದ ಸಮಯ ಮತ್ತು ಪೋರ್ಟ್ ಸಂಖ್ಯೆ ಇಲ್ಲದೆ ಐಪಿ ಒಂದರಿಂದಲೇ ಮನೆ ಗುರುತಿಸುವುದು ಕಷ್ಟ. ಮನೆ ಸಿಕ್ಕರೂ ಕೀಬೋರ್ಡ್ ಮುಂದೆ ಕೂತಿದ್ದವರು ಯಾರು ಅಂತ ಅದು ಹೇಳಲ್ಲ. ಹಾಗಾಗಿ ನಿಮಗಾಗಲಿ ಗೆಳೆಯರಿಗಾಗಲಿ ‘ನಿಮ್ಮ ಐಪಿ ಸಿಕ್ಕಿದೆ’ ಎಂಬ ನೋಟಿಸ್ ಬಂದರೆ, ವಕೀಲರ ಮೂಲಕ ಮೊದಲು ಕೇಳಬೇಕಾದ್ದು ಇವನ್ನೇ: ಯಾವ ದಿನ, ಎಷ್ಟು ಗಂಟೆ, ಯಾವ ಪೋರ್ಟ್?